ಗಿಡದಂಗಡಿಯ ಹಿಂಬಾಗಿಲು

ಗುಬ್ಬಿ ಎಂಬ ಹೆಸರಿಟ್ಟವಳು ಅಕ್ಕ. ಮಾತು ಕಲಿತಂದಿನಿಂದ ಬಾಯಿ ಮುಚ್ಚದ ತಂಗಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲವೆಂದು ಮನೆಯವರೂ ಒಪ್ಪಿಕೊಂಡು, ಅವಳ ನಿಜವಾದ ಹೆಸರನ್ನು ಶಾಲೆಯ ಹಾಜರಿಗೆ ಬಿಟ್ಟುಕೊಟ್ಟಿದ್ದರು. ಈಗ ತಲೆಯಲ್ಲಿ ಒಂದೆರಡು ಬಿಳಿಕೂದಲು ಕಾಣಿಸಿಕೊಂಡ ಮೇಲೂ ಅವಳ ಬಾಯಿಗೆ ಬಿಡುವಿರಲಿಲ್ಲ. ಪೇಟೆಯ ಗಿಡದಂಗಡಿಯಲ್ಲಿ ಕೆಲಸ. ಒಂದು ಕುಂಡ ಮಾರಿದರೆ ಜೊತೆಗೆ ಒಂದು ಬುಟ್ಟಿ ಮಾತನ್ನೂ ಕಟ್ಟಿಕೊಡುತ್ತಿದ್ದಳು.

"ಬೆರಳಿಟ್ಟು ನೋಡಿ, ಆಮೇಲೆ ನೀರು ಹಾಕಿ. ಮೇಲೆ ಒಣಗಿದ ಹಾಗೆ ಕಾಣತ್ತೆ, ಒಳಗೆ ಒದ್ದೆ ಇರತ್ತೆ. ನೀರಿಲ್ಲದೆ ಸತ್ತ ಗಿಡಕ್ಕಿಂತ ನೀರು ಕುಡಿದು ಸತ್ತ ಗಿಡಾನೇ ಜಾಸ್ತಿ, ಗೊತ್ತಾ?"

ಗಿರಾಕಿಗಳು ತಲೆಯಾಡಿಸಿ ಹೋಗುತ್ತಿದ್ದರು. ಕೆಲವರು ಹದಿನೈದು ದಿನ ಬಿಟ್ಟು ಕೊಳೆತ ಗಿಡವನ್ನು ಎತ್ತಿಕೊಂಡು ಬರುತ್ತಿದ್ದರು. "ದಿನಾ ನೀರು ಹಾಕಿದೀವಲ್ಲಮ್ಮ, ಹೊತ್ತು ಹೊತ್ತಿಗೆ ಹಾಕಿದೀವಿ!"

ಅಕ್ಕ ಚಿತ್ರ ಬರೆಯುವವಳು. ಭಾವ ಕಂಪ್ಯೂಟರಿನಲ್ಲಿ ಆ ಚಿತ್ರಗಳಿಗೆ ಜೀವ ತುಂಬುವವನು. ಮನೆಯ ಮುಂದಿನ ಕೋಣೆಯನ್ನೇ ಕಚೇರಿ ಮಾಡಿಕೊಂಡು ಇಬ್ಬರೂ ಸೇರಿ ಒಂದು ಆಟ ಕಟ್ಟಿದ್ದರು. ಗುಂಡು ಹಾರಿಸುವ ಆಟವಲ್ಲ, ಓಡಿ ಬೀಳುವ ಆಟವೂ ಅಲ್ಲ. ಒಂದು ಸಣ್ಣ ಗಿಡದಂಗಡಿ. ಆಡುವವರೇ ಅದರ ಒಡೆಯರು. ಬೆಳಗ್ಗೆ ಬಾಗಿಲು ತೆಗೆಯಬೇಕು, ನೀರು ಹಾಕಬೇಕು, ಹಳದಿ ಎಲೆ ಕತ್ತರಿಸಬೇಕು, ಬಂದವರ ಮನೆಯಲ್ಲಿ ಬಿಸಿಲೆಷ್ಟು ನೆರಳೆಷ್ಟು ಎಂದು ಕೇಳಿ ತಕ್ಕ ಗಿಡ ಕೊಡಬೇಕು. ಗಲ್ಲಾದ ಮೇಲೆ ಬೆಕ್ಕೊಂದು ಮಲಗಿರುತ್ತದೆ. ಸೋಲೆಂಬುದೇ ಇಲ್ಲ. ದಿನವಿಡೀ ದುಡಿದು ಬಂದವರು ಅರ್ಧ ಗಂಟೆ ಹಾಯಾಗಿ ಕೂತು ಹೋಗಲಿ ಎಂದು ಮಾಡಿದ ಆಟ.

ಅದಕ್ಕಾಗಿ ಅಕ್ಕ ತಂಗಿಯ ಅಂಗಡಿಗೆ ಬಂದು, ಬೋರಲು ಹಾಕಿದ ಬಕೀಟಿನ ಮೇಲೆ ಕೂತು, ಎಷ್ಟೋ ಮಧ್ಯಾಹ್ನ ಚಿತ್ರ ಬರೆದುಕೊಂಡಿದ್ದಳು. ಮಣ್ಣಿನ ಜರಡಿ, ಸ್ಪ್ರೇ ಬಾಟಲಿ, ಎಲೆಯ ಕೆಳಗೆ ಕೂತ ಬಿಳಿ ಹುಳವನ್ನು ಹತ್ತಿಯಲ್ಲಿ ಒರೆಸುವ ರೀತಿ, ಯಾವುದನ್ನೂ ಬಿಟ್ಟಿರಲಿಲ್ಲ. ತಂಗಿಯನ್ನೂ ಬಿಟ್ಟಿರಲಿಲ್ಲ. ಆಟದ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿಯ ಹೆಸರೂ ಗುಬ್ಬಿಯೇ. ಮೂಗಿನ ತುದಿಗೆ ಮಣ್ಣು ಮೆತ್ತಿಕೊಂಡು, ಬಾಗಿಲು ತೆಗೆದ ಕೂಡಲೇ "ಬೆರಳಿಟ್ಟು ನೋಡಿದ್ರಾ?" ಎಂದು ಹಿಂದೆ ಬೀಳುತ್ತಿದ್ದಳು.

ಆಟದ ಅಂಗಡಿಯ ಹಿಂಭಾಗದಲ್ಲಿ, ದೊಡ್ಡ ಕುಂಡಗಳ ಮರೆಗೆ, ಹಸಿರು ಬಣ್ಣ ಚಕ್ಕೆಯೆದ್ದ ಬಾಗಿಲೊಂದಿತ್ತು. ಮುಟ್ಟಿದರೆ ಚಿಲಕ ಅಲುಗುತ್ತಿತ್ತು, ತೆರೆಯುತ್ತಿರಲಿಲ್ಲ.

"ಅದರ ಹಿಂದೆ ಏನೇ ಇರೋದು? ನನಗಾದ್ರೂ ಹೇಳು, ಕಟ್ಟೋನು ನಾನು," ಎಂದು ಭಾವ ಕೇಳಿದರೆ ಅಕ್ಕ ನಗುತ್ತಿದ್ದಳು.

"ಬರೆದ್ಮೇಲೆ ನೋಡು. ಬಾಯಲ್ಲಿ ಹೇಳ್ಬಿಟ್ರೆ ಬರೆಯೋ ಆಸೆ ಹೊರಟು ಹೋಗತ್ತೆ."

ಅದು ಅವಳ ಹಳೆಯ ಅಭ್ಯಾಸ. ಚಿಕ್ಕಂದಿನಲ್ಲಿ ತಂಗಿಗೆ ಕತೆ ಹೇಳುವಾಗಲೂ ಅಷ್ಟೆ. ತಟ್ಟೆ ಖಾಲಿಯಾಗುವವರೆಗೆ ಕೊನೆ ಹೇಳುತ್ತಿರಲಿಲ್ಲ.

ಬಾಗಿಲಿನ ಹಿಂದಿನದನ್ನು ಬರೆಯುವ ಮುಂಚೆ ಅಕ್ಕ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ತುಂಬುವ ಕಾಯಿಲೆ. ಆಸ್ಪತ್ರೆಯವರು ಒಂದು ಹಂತದವರೆಗೆ ನೋಡಿ, ಇನ್ನು ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ಕಳಿಸಿಕೊಟ್ಟರು. ಆ ಮಾತಿನ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗುಬ್ಬಿ ತನ್ನ ಬಾಡಿಗೆ ಕೋಣೆ ಬಿಟ್ಟು ಅಕ್ಕನ ಮನೆಗೆ ಬಂದಳು. ಬಾಗಿಲನ್ನು ಹಾಗೇ ಮುಚ್ಚಿಟ್ಟು, ಉಳಿದದ್ದನ್ನು ಭಾವ ಜನರ ಮುಂದಿಟ್ಟ. ಕಾಯಲು ಹೊತ್ತಿರಲಿಲ್ಲ.

ಆಟ ಹೊರಬಿದ್ದ ಮೇಲೆ ಜನರ ಅಭಿಪ್ರಾಯಗಳು ಬರತೊಡಗಿದವು. ಔಷಧಿಯ ದೆಸೆಯಿಂದ ಅಕ್ಕನ ಕಣ್ಣಿಗೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು, ಓದಲಾಗುತ್ತಿರಲಿಲ್ಲ. ಭಾವನಿಗೆ ಓದುವ ಧೈರ್ಯವಿರಲಿಲ್ಲ. ಅವರ ಹಿಂದಿನ ಆಟವೊಂದಕ್ಕೆ ಜನ ಬರೆದದ್ದನ್ನು ಓದಿ ತಿಂಗಳುಗಟ್ಟಲೆ ಕಂಪ್ಯೂಟರ್ ಮುಟ್ಟದೆ ಕೂತವನು ಅವನು. ಹೀಗಾಗಿ ಮನೆಯಲ್ಲಿ ಒಂದು ಪದ್ಧತಿ ತಾನಾಗಿ ಬೆಳೆಯಿತು. ಸಂಜೆ ಅಂಗಡಿಯಿಂದ ಬಂದು, ಕೈ ತೊಳೆದು, ಗುಬ್ಬಿ ಹಾಸಿಗೆಯ ಪಕ್ಕ ಕೂತು ಫೋನಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದುವುದು. ಕೇಳಿ ಅಕ್ಕ ತೀರ್ಮಾನಿಸುವುದು. ಅಕ್ಕ ಹೇಳಿದ್ದನ್ನು ಭಾವ ಮಾಡುವುದು. ಭಾವ ಅಕ್ಕನನ್ನು ನಂಬಿದ್ದ, ಅಕ್ಕ ಗುಬ್ಬಿಯನ್ನು ನಂಬಿದ್ದಳು.

ಮೊದಲ ಸಂಜೆ ಗುಬ್ಬಿ ಬಂದದ್ದನ್ನು ಬಂದ ಹಾಗೆ ಓದಿದಳು.

"'ಮಲಗ್ಕೊಂಡು ಆಡೋಕೆ ಹೇಳಿ ಮಾಡಿಸಿದ ಆಟ. ಬೆಕ್ಕಿಗೆ ನನ್ನದೊಂದು ಮುತ್ತು.'"

"ಕೊಟ್ಟೆ ಅನ್ನು. ಮುಂದೆ?"

"'ಗಿಡ ಚೆನ್ನಾಗಿದೆ, ಗಿರಾಕಿಗಳು ಚೆನ್ನಾಗಿದಾರೆ. ಆ ಗುಬ್ಬಿ ಬಾಯಿಗೊಂದು ಬಿರಡೆ ಕೊಡಿ, ನಾನೇ ಹಾಕ್ಕೊಳ್ತೀನಿ.'"

ಅಕ್ಕನಿಗೆ ನಗು ಬಂದು, ನಗು ಕೆಮ್ಮಾಗಿ, ಗುಬ್ಬಿ ಅವಳ ಬೆನ್ನು ನೀವಬೇಕಾಯಿತು.

"'ಅತ್ತೆ ಕಾಟ ತಪ್ಪಿಸ್ಕೊಳ್ಳೋಕೆ ಅಂತ ಆಟ ಇಳಿಸ್ಕೊಂಡ್ರೆ ಇಲ್ಲೂ ಒಬ್ಬಳು ಅತ್ತೆ. ಬೆರಳು ಬೆರಳು ಅಂತ ಪ್ರಾಣ ತಿಂತಾಳೆ.'"

"ಸಾಕು ಕಣೆ, ಹೊಟ್ಟೆ ನೋವು! ಜನಕ್ಕೆ ನಿನ್ನ ಗುರುತು ಎಷ್ಟು ಸರಿಯಾಗಿ ಸಿಕ್ಕಿದೆ ನೋಡು!"

ಗುಬ್ಬಿಯೂ ನಕ್ಕಳು. ನಗುತ್ತ ನಗುತ್ತ ಮುಂದಿನದನ್ನು ಯೋಚಿಸದೆ ಓದಿಬಿಟ್ಟಳು.

"'ಇದನ್ನ ಮಾಡಿದವರಿಗೆ ಸುಸ್ತಾಗಿತ್ತು ಅನ್ಸತ್ತೆ. ಮೊದಮೊದಲು ಒಂದೊಂದು ಎಲೆಗೂ ಜೀವ ಇದೆ. ಬರ್ತಾ ಬರ್ತಾ ಎಲ್ಲ ಎಲೆಗಳೂ ಒಂದೇ ಥರ. ಅರ್ಧ ಜೀವದಲ್ಲಿ ಬರೆದ ಹಾಗಿದೆ.'"

ಬರೆದವರಿಗೆ ಏನೂ ಗೊತ್ತಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದಿದ್ದರು. ಅಕ್ಕನ ಮುಖದಿಂದ ನಗು ಇಳಿದುಹೋಯಿತು. ಗೋಡೆಯ ಕಡೆ ಹೊರಳಿದಳು. ಆ ಸಂಜೆ ಒಂದು ಗುಟುಕು ಹಾಲನ್ನೂ ಕುಡಿಯಲಿಲ್ಲ. ಮರುದಿನ ಟ್ಯಾಬ್ ತರಿಸಿಕೊಂಡು, ಅದರ ಪೆನ್ನು ಹಿಡಿದು ಒಂದೇ ಒಂದು ಎಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಆಮೇಲೆ ಮಧ್ಯಾಹ್ನವೆಲ್ಲ ಏದುಸಿರು ಬಿಡುತ್ತ ಮಲಗಿದ್ದಳು.

ಅಂದಿನಿಂದ ಗುಬ್ಬಿ ಜರಡಿ ಹಿಡಿಯತೊಡಗಿದಳು. ಮಣ್ಣಿನಿಂದ ಕಲ್ಲು, ಗಾಜಿನ ಚೂರು ತೆಗೆಯುವುದು ಅವಳ ದಿನದ ಕೆಲಸವೇ ಅಲ್ಲವೇ? ಅಭಿಪ್ರಾಯಗಳಿಂದಲೂ ಚುಚ್ಚುವುದನ್ನು ತೆಗೆದು ನುಣ್ಣಗಿನದನ್ನು ಓದಿದಳು. ಆದರೆ ಜರಡಿ ಹಿಡಿದರೆ ಮಣ್ಣು ಕಮ್ಮಿಯಾಗುತ್ತದೆ. ಒಂದು ಸಂಜೆ ಓದಲು ಎರಡೇ ಎರಡು ಉಳಿದವು. "ಇಷ್ಟೇನಾ?" ಎಂದು ಅಕ್ಕ ಕೇಳಿದಾಗ, ಫೋನಿನ ಮೇಲೆ ಕಣ್ಣಿಟ್ಟು, ಇಲ್ಲದ್ದೊಂದನ್ನು ಓದಿದಳು.

"'ಎಲೆಯ ಹಿಂಭಾಗದ ಬಣ್ಣ ಮುಂಭಾಗಕ್ಕಿಂತ ಒಂದಿಷ್ಟು ಬೂದಿ ಇರೋದನ್ನೂ ಬಿಡದೆ ಬರೆದಿದಾರೆ. ಎಂಥ ಕಣ್ಣು!'"

ಅಕ್ಕ ಕಣ್ಣು ಮುಚ್ಚಿಕೊಂಡೇ ಮುಗುಳ್ನಕ್ಕಳು. ಅವತ್ತು ಲೋಟದ ಹಾಲೆಲ್ಲ ಕುಡಿದಳು.

ಇದಾದ ಮೇಲೆ ಗುಬ್ಬಿಗೆ ತಡೆಯೇ ಇಲ್ಲವಾಯಿತು. ಬಾಯಿ ಇದ್ದವಳಿಗೆ ಮಾತು ಹುಟ್ಟಿಸುವುದು ಯಾವ ದೊಡ್ಡ ವಿಷಯ? ಬಸ್ಸಿನಲ್ಲಿ ಬರುವಾಗ ನಾಲ್ಕೈದು ಹೊಸೆದುಕೊಂಡೇ ಬರುತ್ತಿದ್ದಳು. ಗುಬ್ಬಿಯ ಬಾಯಿಗೆ ಬಿರಡೆ ಕೇಳಿದವರೆಲ್ಲ ಅವಳ ಓದಿನಲ್ಲಿ ಗುಬ್ಬಿಯ ಮಾತಿಗೆ ಮನಸೋತವರಾದರು. "'ಗುಬ್ಬಿ ಇಲ್ಲದಿದ್ರೆ ಈ ಅಂಗಡಿ ಬರೀ ಅಂಗಡಿ.'" "'ಇಂಥ ತಂಗಿ ನನಗೂ ಇರ್ಬೇಕಿತ್ತು.'" ಕೊನೆಯದನ್ನು ಎರಡು ಸಲ ಓದಿದಳು. ಅಕ್ಕ ಕೈ ಚಾಚಿ ಅವಳ ಮೊಣಕೈ ತಟ್ಟಿದಳು.

ಮನೆಗೆ ದಿನಾ ನರ್ಸಮ್ಮ ಬರುತ್ತಿದ್ದರು. ಕಿರುಗುಟ್ಟುವ ಚಪ್ಪಲಿಯನ್ನು ಹೊಸಲಿನಾಚೆಯೇ ಬಿಟ್ಟು, ಒಳಗೆ ಬಂದು, ಅಕ್ಕನನ್ನು ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಅವರೊಮ್ಮೆ ಹೊರಗೆ ಗುಬ್ಬಿಯನ್ನು ಕರೆದು ಮೆಲ್ಲಗೆ ಹೇಳಿದರು: "ಆಯಾಸ ಮಾಡ್ಕೊಳ್ಳೋಕೆ ಬಿಡ್ಬೇಡಿ. ದೀಪದಲ್ಲಿ ಎಣ್ಣೆ ಎಷ್ಟಿದೆಯೋ ಅಷ್ಟೇ." ಆ ಮಾತು ಗುಬ್ಬಿಯ ತಲೆಯಲ್ಲಿ ಕೂತಿತು.

ಒಂದು ಸಂಜೆ ಅಕ್ಕ ಓದು ನಿಲ್ಲಿಸಲು ಹೇಳಿದಳು. ಬೆನ್ನಿಗೆ ದಿಂಬು ಕೊಡಿಸಿಕೊಂಡು, ಭಾವನನ್ನೂ ಕರೆಸಿದಳು.

"ನೋಡು ಗುಬ್ಬಿ, ನನ್ನ ಕೈಲಿ ಇನ್ನೊಂದು ಕೆಲಸಕ್ಕಾಗೋಷ್ಟು ಕಸುವಿದೆ. ಎರಡಕ್ಕಿಲ್ಲ. ಆ ಹಿಂದಿನ ಬಾಗಿಲು ತೆಗೀಬೇಕು ಅಂತ ನಂಗೆ ಮೊದಲಿಂದ ಆಸೆ. ಆದ್ರೆ ನನ್ನ ಆಸೆ ಕಟ್ಕೊಂಡು ಏನಾಗ್ಬೇಕು? ಆಡೋರಿಗೆ ಬೇಕಾಗಿದ್ದನ್ನ ಮಾಡ್ಬೇಕು. ಎಲ್ಲ ಓದಿರೋಳು ನೀನು. ನಿಜ ಹೇಳು, ಜನ ಬಾಗಿಲು ಕೇಳ್ತಿದಾರಾ?"

ಜನ ಬಾಗಿಲನ್ನಲ್ಲದೆ ಬೇರೇನನ್ನೂ ಕೇಳುತ್ತಿರಲಿಲ್ಲ. 'ಹಿಂದಿನ ಬಾಗಿಲು ಯಾವಾಗ ತೆಗೀತೀರಿ?' 'ಚಿಲಕ ಅಲ್ಲಾಡಿಸಿ ಅಲ್ಲಾಡಿಸಿ ಬೆರಳು ಸವೆದುಹೋಯ್ತು.' 'ಒಳಗೆ ಇನ್ನೊಂದು ತೋಟ ಇದೆ ಅಂತ ನನ್ನ ಮಗಳು, ದೆವ್ವ ಇದೆ ಅಂತ ನನ್ನ ಗಂಡ. ಮನೇಲಿ ಜಗಳ. ದಯವಿಟ್ಟು ಹೇಳಿ.' ಇಂಥವು ರಾಶಿ ಬಿದ್ದಿದ್ದವು. ಬಾಗಿಲಿನ ನೆನಪಾದರೆ ಅಕ್ಕ ಸುಮ್ಮನಿರಲಾರಳೆಂದು ಗುಬ್ಬಿ ಒಂದನ್ನೂ ಓದಿರಲಿಲ್ಲ.

ಗುಬ್ಬಿ ಅಕ್ಕನ ಕೈ ನೋಡಿದಳು. ಹೊದಿಕೆಯ ಮೇಲೆ ಒಣಗಿದ ಕಡ್ಡಿಯಂತೆ ಬಿದ್ದಿದ್ದ ಬೆರಳುಗಳು. ಒಂದು ಎಲೆಗೆ ಒಂದು ಮಧ್ಯಾಹ್ನ. ಒಂದು ಕೋಣೆ ಬರೆಯಬೇಕಾದರೆ? ಅದರ ಬದಲು ಆಟದ ಗುಬ್ಬಿಗೆ ನಾಲ್ಕು ಹೊಸ ಮಾತು ಕೊಡುವುದಾದರೆ ಮಲಗಿದಲ್ಲೇ ಹೇಳಬಹುದು, ಭಾವ ಬರೆದುಕೊಳ್ಳುತ್ತಾನೆ. ಮೊದಲು ಬಂದದ್ದು ಇದೇ ಯೋಚನೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅದರ ಬೆನ್ನಿಗೆ ಇನ್ನೊಂದು ಯೋಚನೆ ಇಣುಕಿತ್ತೇ? ಉಳಿದ ದಿನಗಳನ್ನು ಅಕ್ಕ ತಂಗಿಯ ಮಾತನ್ನೇ ನೆನೆಯುತ್ತ ಕಳೆಯುತ್ತಾಳೆ ಎಂಬ ಆಸೆ? ಇರಲಿಲ್ಲವೆಂದು ಆಣೆಯಿಡುವ ಧೈರ್ಯ ಅವಳಿಗೆ ಯಾವತ್ತೂ ಬರಲಿಲ್ಲ.

"ಬಾಗಿಲಾ? ಅದನ್ನ ಗೋಡೆ ಮೇಲಿನ ಚಿತ್ರ ಅಂದ್ಕೊಂಡಿರ್ಬೇಕು. ಎಲ್ಲರಿಗೂ ಬೇಕಾಗಿರೋದು ಗುಬ್ಬಿ. ಇನ್ನೂ ಮಾತಾಡಿಸಿ, ಇನ್ನೂ ಮಾತಾಡಿಸಿ ಅಂತಾರೆ."

"ಒಬ್ಬರೂ ಕೇಳಿಲ್ವಾ?"

"ಒಬ್ಬರೂ ಇಲ್ಲ."

ಅಕ್ಕ ಬೆನ್ನಿನ ದಿಂಬು ತೆಗೆಸಿಕೊಂಡಳು. "ಸರಿ ಬಿಡು. ನನ್ನೊಬ್ಬಳದೇ ಹುಚ್ಚು."

ಮರುದಿನದಿಂದ ಕೆಲಸ ಶುರುವಾಯಿತು. ಅಕ್ಕ ಮಲಗಿದಲ್ಲಿಂದಲೇ ಹೇಳುವುದು, ಭಾವ ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬರೆದುಕೊಳ್ಳುವುದು. ಗುಬ್ಬಿ ಎಂದೋ ಆಡಿ ಮರೆತದ್ದೆಲ್ಲ ಅಕ್ಕನಿಗೆ ನೆನಪಿತ್ತು. ಕಳ್ಳಿಗಿಡ ಕೊಳ್ಳಲು ಬಂದವರಿಗೆ "ಇದನ್ನ ಮರೆತುಬಿಡಿ, ಅದೇ ಇದಕ್ಕೆ ಆರೈಕೆ" ಎಂದದ್ದು. ಒಣಗಿದ ಬಳ್ಳಿಯನ್ನು ತಂದವರಿಗೆ "ಇದು ಸತ್ತಿಲ್ಲ, ಮುನಿಸ್ಕೊಂಡಿದೆ" ಎಂದದ್ದು. ಹೇಳಿ ಹೇಳಿ ಅಕ್ಕನ ಉಸಿರು ಕಟ್ಟುತ್ತಿತ್ತು. ನಿಂತು, ಸುಧಾರಿಸಿಕೊಂಡು, ಮತ್ತೆ ಹೇಳುತ್ತಿದ್ದಳು. ಇಷ್ಟು ಆಯಾಸ ಇದರಲ್ಲೂ ಇದೆಯೆಂದು ಗುಬ್ಬಿ ಎಣಿಸಿರಲಿಲ್ಲ. ಆದರೆ ಆ ದಿನಗಳು ಮನೆಯಲ್ಲಿ ನಗುವಿದ್ದ ದಿನಗಳು. ಅದನ್ನೂ ಸುಳ್ಳೆನ್ನುವಂತಿಲ್ಲ.

ಕೊನೆಯ ಮಾತು ಹೇಳಿ ಮುಗಿಸಿದ ದಿನ ಅಕ್ಕ ಕಣ್ಣು ಮುಚ್ಚಿ, "ನನ್ನ ಕೆಲಸ ಆಯ್ತು," ಎಂದಳು. ಆಮೇಲೆ ಪೆನ್ನನ್ನು ತರಿಸಿಕೊಳ್ಳಲಿಲ್ಲ.

ಭಾವ ಹೊಸ ಮಾತುಗಳನ್ನು ಸೇರಿಸಿ ಆಟವನ್ನು ಮತ್ತೆ ಹೊರಬಿಟ್ಟ. ಮರುದಿನ ಗಿಡದಂಗಡಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗುಬ್ಬಿ ಅಭಿಪ್ರಾಯಗಳನ್ನು ತೆರೆದು ನೋಡಿದಳು.

'ಬಾಗಿಲು ಕೇಳಿದ್ರೆ ಬಾಯಿ ಕೊಟ್ಟಿದಾರೆ!'

'ಇವರು ನಾವು ಬರೆಯೋದನ್ನ ಓದೋದೇ ಇಲ್ಲ ಅನ್ನೋದು ಈಗ ಖಾತ್ರಿಯಾಯ್ತು.'

'ಗುಬ್ಬೀನ ಸುಮ್ನಿರಿಸಿ ಅಂತ ಎಲ್ಲರೂ ಅಂಗಲಾಚಿದ್ವಿ. ಮಾಡಿದವರಿಗೆ ಕಿವಿ ಇಲ್ವಾ, ಕರುಣೆ ಇಲ್ವಾ?'

'ಎಷ್ಟು ಹಿತವಾಗಿದ್ದ ಆಟ. ಕೈಯಾರೆ ಕೆಡಿಸಿದ್ರು. ಫೋನಿಂದ ತೆಗೆದುಹಾಕಿದೆ.'

ಓದುತ್ತ ಓದುತ್ತ ಕೊಳೆತ ಗಿಡ ತಂದು "ದಿನಾ ನೀರು ಹಾಕಿದೀವಲ್ಲಮ್ಮ" ಎನ್ನುವ ಗಿರಾಕಿಗಳ ಮುಖ ಕಣ್ಣ ಮುಂದೆ ಬಂತು. ಆದರೂ ಸಂಜೆ ಹಾಸಿಗೆಯ ಪಕ್ಕ ಕೂತು ಓದಿದ್ದು ಬೇರೆಯೇ. "'ಗುಬ್ಬಿಯ ಹೊಸ ಮಾತು ಕೇಳಿ ನಕ್ಕೂ ನಕ್ಕೂ ಸಾಕಾಯ್ತು.'" ಅಕ್ಕ ಹ್ಞೂಂಗುಟ್ಟಿದಳು. ಆ ಹೊತ್ತಿಗೆ ಅವಳಿಗೆ ಹ್ಞೂಂಗುಟ್ಟುವುದೂ ಕೆಲಸವೇ ಆಗಿತ್ತು.

ನಿಜ ಹೊರಬಿದ್ದದ್ದು ನರ್ಸಮ್ಮನ ಬಾಯಿಂದ. ಅದೂ ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ರಜೆಯ ದಿನವಾದ್ದರಿಂದ ಗುಬ್ಬಿ ಮನೆಯಲ್ಲೇ ಇದ್ದು ಬಟ್ಟೆ ಮಡಿಸುತ್ತಿದ್ದಳು. ನರ್ಸಮ್ಮ ಎಂದಿನಂತೆ ಅಂಗೈ ಬೆಚ್ಚಗೆ ಮಾಡಿಕೊಂಡು, ಅಕ್ಕನ ತೋಳು ಹಿಡಿದು, ರೋಗಿಗೆ ಖುಷಿಯಾಗಲೆಂದೇ ಹೇಳಿದರು:

"ಅಮ್ಮಾ, ನಿಮ್ಮ ಆಟ ಇಳಿಸ್ಕೊಂಡಿದೀನಿ. ಬಸ್ಸಲ್ಲಿ ಬರ್ತಾ ಆಡ್ತೀನಿ. ಮೊನ್ನೆ ನನ್ನ ಸ್ಟಾಪೇ ದಾಟಿ ಹೋಗಿತ್ತು! ಅದಿರ್ಲಿ, ಆ ಹಿಂದಿನ ಬಾಗಿಲು ಯಾವಾಗಮ್ಮ ತೆಗಿಯೋದು? ನಾನೊಬ್ಬಳೇ ಅಲ್ಲ, ಅಭಿಪ್ರಾಯ ಬರೆಯೋ ಜಾಗದಲ್ಲಿ ಎಲ್ಲರೂ ಮೊದಲಿಂದ ಅದನ್ನೇ ಕೇಳ್ತಿದಾರಲ್ಲ. ನನಗಾದ್ರೂ ಗುಟ್ಟಾಗಿ ಹೇಳಿ, ಯಾರಿಗೂ ಹೇಳಲ್ಲ."

ಅಕ್ಕ ನರ್ಸಮ್ಮನ ಭುಜದ ಮೇಲಿಂದ ಗುಬ್ಬಿಯನ್ನು ನೋಡಿದಳು. ಗುಬ್ಬಿಯ ಕೈಯಲ್ಲಿ ಅರ್ಧ ಮಡಿಸಿದ ದಿಂಬಿನ ಚೀಲ ಹಾಗೇ ಇತ್ತು. ನರ್ಸಮ್ಮ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿ, ಏನೋ ಆಗಬಾರದ್ದು ಆಯಿತೆಂದು ತಿಳಿದು, ಬೇಗ ಬೇಗ ಕೆಲಸ ಮುಗಿಸಿದರು. ಹೋಗುವಾಗ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ ಹೋದರು.

"ಹತ್ತಿರ ಬಾ," ಎಂದಳು ಅಕ್ಕ.

ಗುಬ್ಬಿ ಹೋಗಿ ನಿಂತಳು.

"ಹೊಗಳ್ತಿದ್ದೋಳು ನೀನೇ ಅಂತ ನಂಗೆ ಗೊತ್ತಿತ್ತು ಕಣೆ. ಎಲೆಯ ಹಿಂಭಾಗ ಬೂದಿ ಬಣ್ಣ ಇದೆ ಅಂತ ಯಾರು ನೋಡ್ತಾರೆ, ಗಿಡದಂಗಡಿಯೋಳು ಬಿಟ್ರೆ?" ಉಸಿರಿಗೆ ನಿಂತಳು. "ಕೇಳೋಕೆ ಹಿತವಾಗಿತ್ತು. ನಿನಗೂ ಹೇಳೋಕೆ ಹಿತವಾಗಿತ್ತು. ಸುಮ್ನಿದ್ದೆ." ಮತ್ತೆ ನಿಂತಳು. "ಬಾಗಿಲಿನ ವಿಷಯ ಮಾತ್ರ ನಂಬಿದ್ದೆ."

ಬೈಯಲಿಲ್ಲ. ಬೈದಿದ್ದರೆ ಗುಬ್ಬಿಗೆ ಅಳಲಿಕ್ಕಾದರೂ ಒಂದು ದಾರಿಯಾಗುತ್ತಿತ್ತು. "ನೀನು ಸುಸ್ತಾಗ್ತೀಯ ಅಂತ..." ಎಂದು ಶುರುಮಾಡಿದ್ದು ಬಾಯಲ್ಲೇ ಉಳಿಯಿತು.

"ಸುಸ್ತಾಗೋದು ಹೇಗೂ ಇತ್ತಲ್ಲೇ," ಎಂದಳು ಅಕ್ಕ. "ಟ್ಯಾಬ್ ಕೊಡು. ಅವನನ್ನ ಕರಿ."

ಭಾವ ಬಂದ. ಏನಾಯಿತೆಂದು ಗುಬ್ಬಿಯೇ ಹೇಳಿದಳು, ಒಂದೇ ಉಸಿರಿನಲ್ಲಿ, ಏನನ್ನೂ ಜರಡಿ ಹಿಡಿಯದೆ. ಅವನು ಕೇಳಿ ಮುಗಿಸಿ, ಹಾಸಿಗೆಯ ಮೇಲೆ ಹತ್ತಿ ಕೂತು, ಅಕ್ಕನ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡ. ಗುಬ್ಬಿ ಟ್ಯಾಬ್ ಹಿಡಿದಳು. ಅಕ್ಕ ಪೆನ್ನು ಹಿಡಿದು ಒಂದು ಅಡ್ಡಗೆರೆ ಎಳೆದಳು. ಅದರ ಕೆಳಗೆ ಇನ್ನೊಂದು. ಮೂರನೆಯದು ನಡುವಿನಲ್ಲೇ ಜಾರಿ ಪರದೆಯ ಅಂಚಿಗೆ ಹೋಯಿತು. ಪೆನ್ನು ಹೊದಿಕೆಯ ಮೇಲೆ ಬಿತ್ತು.

"ಬರೀಬೇಡ. ಬಾಯಲ್ಲಿ ಹೇಳು," ಎಂದ ಭಾವ ಅವಳ ಕಿವಿಯ ಹತ್ತಿರ. "ನಾನು ಕಟ್ತೀನಿ. ನೀನು ಹೇಳಿದ ಹಾಗೇ ಕಟ್ತೀನಿ."

ಅಕ್ಕ ಬಹಳ ಹೊತ್ತು ತಡೆದಳು. ಹೇಳಿಬಿಟ್ಟರೆ ಆಸೆ ಹೊರಟುಹೋಗುತ್ತದೆ ಎಂಬ ಹಳೆಯ ಅಭ್ಯಾಸವನ್ನು ಬಿಡಲು ಕಷ್ಟವಾಯಿತೋ, ಉಸಿರಿಗೇ ಕಷ್ಟವಾಯಿತೋ.

"ಮೆಟ್ಟಿಲು," ಎಂದಳು. "ಕೆಳಗೆ ಇಳಿಯೋದು. ಅಲ್ಲಿ ಗುಬ್ಬಿ ಮಾತಾಡಲ್ಲ."

"ಯಾಕೆ?"

"ನಾಳೆ," ಎಂದಳು ಅಕ್ಕ, ತಟ್ಟೆ ಖಾಲಿಯಾಗುವವರೆಗೆ ಕತೆಯ ಕೊನೆ ಹೇಳದವಳು. "ನಾಳೆ ಹೇಳ್ತೀನಿ."

ನಾಳೆ ಅವಳಿಗೆ ಮಾತು ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಎದೆಯಲ್ಲಿ ನೀರಿನ ಸದ್ದು ಕೋಣೆಯಾಚೆಗೂ ಕೇಳಿಸುತ್ತಿತ್ತು. ಗುಬ್ಬಿ ಅಂಗಡಿಗೆ ಹೋಗುವುದನ್ನು ಬಿಟ್ಟು ಪಕ್ಕದಲ್ಲೇ ಕೂತಿದ್ದಳು, ತುಟಿ ಅಲುಗಿದರೆ ಸಾಕು ಬಗ್ಗಿ ಕಿವಿಗೊಡುತ್ತಿದ್ದಳು. ಒಂದು ಬೆಳಗ್ಗೆ ನರ್ಸಮ್ಮ ಬಂದು, ಅಂಗೈಗಳನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕನನ್ನು ನೋಡಿದರು. ನೋಡುತ್ತಲೇ ಕೈಗಳನ್ನು ಹೊರಗೆ ತೆಗೆದರು. ಬೆಚ್ಚಗೆ ಮಾಡಿಕೊಳ್ಳುವ ಅಗತ್ಯವಿರಲಿಲ್ಲ. ಆದರೂ ಒಂದು ಗಳಿಗೆ ಬಿಟ್ಟು ಮತ್ತೆ ಬೆಚ್ಚಗೆ ಮಾಡಿಕೊಂಡೇ ಅಕ್ಕನ ಕಣ್ಣು ಮುಚ್ಚಿದರು.

ಆಮೇಲಿನ ವಾರಗಳಲ್ಲಿ ಭಾವ ಗುಬ್ಬಿಯ ಜೊತೆ ಮಾತಾಡಲಿಲ್ಲ. ಬಿಟ್ಟುಹೋಗು ಎಂದೂ ಹೇಳಲಿಲ್ಲ. ಬೆಳಗ್ಗೆ ಅವಳು ಎದ್ದು ಬರುವಷ್ಟರಲ್ಲಿ ಅವಳ ಟೀ ಲೋಟದ ಮೇಲೆ ಆರದಂತೆ ತಟ್ಟೆ ಮುಚ್ಚಿಟ್ಟಿರುತ್ತಿದ್ದ. ಅವನು ಕಂಪ್ಯೂಟರಿನ ಮುಂದೆ ಬೆನ್ನು ಮಾಡಿ ಕೂತಿರುತ್ತಿದ್ದ. ಅಭಿಪ್ರಾಯಗಳನ್ನು ಈಗ ಅವನೇ ಓದುತ್ತಿದ್ದ, ಮೊದಲಿನಿಂದ, ಒಂದನ್ನೂ ಬಿಡದೆ. ಗುಬ್ಬಿಗೆ ಕುರ್ಚಿಯ ಹಿಂದಿನಿಂದ ಅವನ ಕಿವಿಗಳು ಕೆಂಪಾಗುವುದಷ್ಟೇ ಕಾಣುತ್ತಿತ್ತು.

ಗುಬ್ಬಿ ಕೆಲಸಕ್ಕೆ ಮರಳಿದಳು. ಅವಳಿಲ್ಲದ ದಿನಗಳಲ್ಲಿ ಅಂಗಡಿಯ ಗಿಡಗಳು ಕೆಲವು ಸತ್ತಿದ್ದವು. ಅವನ್ನು ಬುಟ್ಟಿಯಲ್ಲಿಟ್ಟುಕೊಂಡು ಹಿಂಬದಿಯ ಬಾಗಿಲು ತೆಗೆದು ಮೆಟ್ಟಿಲಿಳಿದಳು. ಅಲ್ಲೊಂದು ತಗ್ಗು ಕೋಣೆ. ಆಸೆ ಬಿಟ್ಟ ಗಿಡಗಳನ್ನು ಕುಂಡದಿಂದ ಬಿಡಿಸಿ, ಬೇರಿನ ಮಣ್ಣು ಉದುರಿಸಿ, ಕುಂಡ ತೊಳೆದಿಡುವ ಜಾಗ. ಎಷ್ಟು ವರ್ಷದಿಂದ ಮಾಡುತ್ತಿದ್ದ ಕೆಲಸ! ಕುಂಡ ಬೋರಲು ಮಾಡಿ, ಬುಡಕ್ಕೆ ತಟ್ಟಿ, ಬೇರಿನ ಗಡ್ಡೆಯನ್ನು ಕೈಗೆ ತೆಗೆದುಕೊಂಡಾಗ, ತಾನು ಇಳಿದು ಬಂದಾಗಿನಿಂದ ಒಂದು ಮಾತೂ ಆಡಿಲ್ಲವೆಂಬುದು ಅವಳಿಗೆ ಹೊಳೆಯಿತು. ಮೇಲಿದ್ದಾಗ ಗಿಡಗಳ ಜೊತೆಗಾದರೂ ಮಾತಾಡುವವಳು. ಇಲ್ಲಿ ಎಂದೂ ಆಡಿರಲಿಲ್ಲ. ಬಾಗಿಲ ಬಳಿಯ ಬೋರಲು ಬಕೀಟಿನ ಮೇಲೆ ಕೂತ ಅಕ್ಕ ಅದನ್ನು ಕಂಡಿದ್ದಳು.

ಬಾಗಿಲಿನ ಹಿಂದೆ ಇದ್ದದ್ದು ಈ ಕೋಣೆಯೇ? ಇರಬಹುದು. ಇಲ್ಲದಿರಬಹುದು. ಅಕ್ಕ ಕಂಡದ್ದನ್ನು ಕಂಡ ಹಾಗೇ ಎಂದೂ ಬರೆದವಳಲ್ಲ. ಈ ತಣ್ಣನೆಯ ತಗ್ಗಿನಿಂದ ಅವಳು ಏನನ್ನು ಮಾಡುತ್ತಿದ್ದಳೋ. ಒಂದು ಮಾತಿಲ್ಲದ ಜಾಗ. ಜನ ಬಾಗಿಲು ಕೇಳಿದ್ದರು, ಗುಬ್ಬಿಯ ಬಾಯಿಗೆ ಬಿರಡೆ ಕೇಳಿದ್ದರು. ಎರಡಕ್ಕೂ ಉತ್ತರ ಒಂದೇ ಕೋಣೆಯಲ್ಲಿ ಅಕ್ಕನ ಹತ್ತಿರ ಮೊದಲಿನಿಂದ ಇತ್ತು. ಗುಬ್ಬಿ ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತಳು. ಮೇಲೆ ಯಾರೋ ಗಿರಾಕಿ "ಯಾರಿದೀರಮ್ಮ?" ಎಂದು ಕರೆದು ಕರೆದು ಹೊರಟುಹೋದರು.

ಆ ಸಂಜೆ ಭಾವ ತಾನಾಗಿ ಕುರ್ಚಿ ತಿರುಗಿಸಿದ.

"ಬಾಗಿಲು ತೆಗೀತೀನಿ. ಅವಳು ಹೇಳಿದಷ್ಟು ಕಟ್ಟಿದೀನಿ. ಮೆಟ್ಟಿಲು. ಗುಬ್ಬಿ ಮಾತಾಡಲ್ಲ. ಉಳಿದದ್ದಕ್ಕೆ... ನಿನಗೇನಾದ್ರೂ ಅಂದಾಜಿದ್ರೆ ಹೇಳು. ಅಂಗಡಿ ನಿನಗೆ ಗೊತ್ತು. ಅವಳೂ ಗೊತ್ತು."

ಅಂದಾಜು ನಾಲಿಗೆಯ ತುದಿಯಲ್ಲೇ ಇತ್ತು. ತಗ್ಗು ಕೋಣೆ, ತೊಳೆದ ಕುಂಡಗಳು, ಬೇರು. ಕಟ್ಟಿದರೆ ಚೆನ್ನಾಗಿಯೇ ಇರುತ್ತಿತ್ತು. ಅಕ್ಕನ ಕೊನೆಯ ಕೋಣೆ ಎಂದು 'ಓದಿ' ಹೇಳಲು ಅವಳಿಗೇನೂ ಕಷ್ಟವಿರಲಿಲ್ಲ.

"ಇಲ್ಲ ಭಾವ," ಎಂದಳು. "ಅವಳು ಹೇಳಿದ್ದು ಅಷ್ಟೇ. ನಾನು ಇನ್ನೇನೂ ಸೇರಿಸಲ್ಲ."

ಭಾವ ಅವಳನ್ನು ಒಂದು ಕ್ಷಣ ನೋಡಿ ತಲೆಯಾಡಿಸಿದ.

ಬಾಗಿಲು ತೆರೆಯಿತು. ಈಗ ಆಟದಲ್ಲಿ ಚಿಲಕ ಮುಟ್ಟಿದರೆ ಸರಿಯುತ್ತದೆ. ಸಂಗೀತ ನಿಲ್ಲುತ್ತದೆ. ಅಕ್ಕ ಎಳೆದ ಎರಡು ಗೆರೆ, ಜಾರಿಹೋದ ಮೂರನೆಯದು, ಅವೇ ಮೆಟ್ಟಿಲು. ಗುಬ್ಬಿ ಜೊತೆಗಿಳಿದು ಬಂದು ನಿಲ್ಲುತ್ತಾಳೆ, ಮಾತಾಡುವುದಿಲ್ಲ. ಅದರಾಚೆ ಏನೂ ಬರೆದಿಲ್ಲ.

ಭಾವ ಪಾತ್ರೆ ತೊಳೆಯುತ್ತಿದ್ದ. ಅಡುಗೆಮನೆಯ ಹೊಸಲಿನ ಮೇಲೆ ಕೂತು ಗುಬ್ಬಿ ಓದಿದಳು, ಬಂದದ್ದನ್ನು ಬಂದ ಹಾಗೆ.

"'ಇದೇನು ಮೋಸ? ಖಾಲಿ.'"

"ಹ್ಞೂಂ."

"'ಕಟ್ಟೋದಕ್ಕೆ ಸೋಮಾರಿತನ ಅಂತ ಕಾಣತ್ತೆ. ಮೆಟ್ಟಿಲು ಕೂಡ ಸೊಟ್ಟ.'"

ನೀರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. "ಓದು," ಎಂದ ಭಾವ.

"'ಗುಬ್ಬಿ ಬಾಯಿ ಮುಚ್ಚಿದಳು, ಅಷ್ಟಾದ್ರೂ ಸಿಕ್ತಲ್ಲ.'"

ಭಾವನ ಗಂಟಲಿನಿಂದ ನಗುವಿನಂಥದ್ದೊಂದು ಸದ್ದು ಬಂತು, ಅರ್ಧಕ್ಕೇ ನಿಂತಿತು. ಗುಬ್ಬಿ ಕೊನೆಯದನ್ನು ಓದಿದಳು.

"'ಇಷ್ಟಕ್ಕಾ ಇಷ್ಟು ದಿನ ಕಾಯಿಸಿದ್ದು? ಆಚೆ ಏನಿದೆ ಅಂತ ಮಾಡಿದವರಿಗಾದ್ರೂ ಗೊತ್ತಾ?'"

ಭಾವ ಕೈ ಒರೆಸಿಕೊಂಡು ಬಂದು, ಅವಳ ಪಕ್ಕದಲ್ಲಿ ಹೊಸಲಿನ ಮೇಲೆ ಕೂತ. ಉತ್ತರ ಬರೆಯಲು ಗುಬ್ಬಿಗೆ ಬಹಳ ಹೊತ್ತು ಹಿಡಿಯಿತು.

'ಮಾಡಿದವಳಿಗೆ ಗೊತ್ತಿತ್ತು,' ಎಂದು ಬರೆದಳು. 'ನಮಗೆ ಗೊತ್ತಿಲ್ಲ.'